ಹಳದಿ ಗೆರೆಯ ಮೇಲೊಂದು ಕುರ್ಚಿ

ಎಲ್ಲಕ್ಕಿಂತ ಮೊದಲು, ನೆಲದ ಮೇಲೆ ಬಳಿದ ನಾಲ್ಕು ಬೆರಳಗಲದ ಹಳದಿ ಗೆರೆಯೊಂದರ ವಿಷಯವನ್ನು ತಕ್ಕ ಗಾಂಭೀರ್ಯದಿಂದ ಅರಿಕೆ ಮಾಡಿಕೊಳ್ಳಬೇಕು. ಗೆರೆಯ ಈಚೆ ಆಸ್ಪತ್ರೆಯ ವಾರ್ಡು. ಆಚೆ ವೈದ್ಯಕೀಯ ಕಾಲೇಜಿಗೆ ಸೇರಿದ ಎಕ್ಸ್‌ರೇ ವಿಭಾಗ. ನಡುವೆ ಗೋಡೆಯಿಲ್ಲ, ಬಾಗಿಲೂ ಇಲ್ಲ. ಮೂರು ವರ್ಷದ ಹಿಂದೆ ಆಚೆ ಹೋದ ವಾರ್ಡಿನ ಗಾಲಿಕುರ್ಚಿಯೊಂದು ಬ್ರೇಕು ಕಳೆದುಕೊಂಡು ಮರಳಿತು. ಅದಕ್ಕೆ ಈಚೆಯ ಇವರು ಆಚೆಯ ಅವರ ಎರಡು ಕುರ್ಚಿಗಳನ್ನು ಹಿಡಿದಿಟ್ಟುಕೊಂಡರು, ಅವರು ಇವರ ಮೂರನ್ನು. ಅಂದಿನಿಂದ ರೋಗಿಯನ್ನು ಗೆರೆಯ ತನಕ ಇವರು ತಳ್ಳುವುದು, ಅಲ್ಲಿ ಅವರು ತಮ್ಮ ಕುರ್ಚಿಗೆ ಏರಿಸಿಕೊಳ್ಳುವುದು ಪದ್ಧತಿ. ವಾರ್ಡಿನೊಳಗೂ ಕುರ್ಚಿ ನಮ್ಮದೆಂದು ನರ್ಸುಗಳು, ನಮ್ಮದೆಂದು ಉಗ್ರಾಣದವರು. ಹೀಗಾಗಿ ಅದನ್ನು ಆಚೆ ಬಿಡುವ ಅಧಿಕಾರ ಯಾರಿಗೂ ಇರಲಿಲ್ಲ. ತಡೆಯುವ ಅಧಿಕಾರ ಎಲ್ಲರಿಗೂ ಇತ್ತು.

ಆ ಬೆಳಿಗ್ಗೆ ಆಯಾ ಒಬ್ಬ ಮುದುಕ ಬಡಗಿಯನ್ನು ಗೆರೆಯ ತನಕ ತಳ್ಳಿಕೊಂಡು ಬಂದಳು. ಜೊತೆಗೆ ಅವನ ಮಗಳು, ಬಟ್ಟೆ ಹೊಲಿಯುವವಳು. ಏಣಿಯಿಂದ ಬಿದ್ದಿದ್ದ. ಸೊಂಟದ ಮೂಳೆ ಬಿರುಕುಬಿಟ್ಟಿರಬಹುದು, ಚಿತ್ರ ನೋಡುವ ತನಕ ಕಾಲೂರಲು ಬಿಡಬೇಡಿ, ಮೂಳೆ ಜರುಗಿದರೆ ಮುಂದೆ ನಡೆಯುವುದು ಕಷ್ಟ ಎಂದು ಡಾಕ್ಟರು ಮಗಳಿಗೆ ಎರಡು ಸಲ ಹೇಳಿದ್ದರು.

“ನಿಮ್ಮ ಚೇರೆಲ್ಲಿ ಅಣ್ಣ?” ಆಯಾ ಗೆರೆಯಾಚೆ ನಿಂತಿದ್ದ ಎಕ್ಸ್‌ರೇ ತೆಗೆಯುವವನನ್ನು ಕೇಳಿದಳು.

“ಎರಡು ನಿಮ್ಮ ಸ್ಟೋರಲ್ಲೇ ಬೆಚ್ಚಗಿವೆಯಲ್ಲ. ಇದ್ದದ್ದೊಂದು ರಿಪೇರಿಗೆ ಹೋಗಿದೆ.”

“ಮತ್ತೆ ಇದನ್ನೇ ತಳ್ಕೊಂಡು ಬರ್ಲಾ? ಹನ್ನೆರಡು ಹೆಜ್ಜೆ.”

“ಬಾ ಅಕ್ಕ, ಧಾರಾಳವಾಗಿ ಬಾ. ದಾಟಿದ್ದು ವಾಪಸ್ ಹೋಗಲ್ಲ, ಅಷ್ಟೆ. ನಮ್ಮ ಸಾಹೇಬ್ರ ಆರ್ಡರು.”

ಆಯಾ ಕುರ್ಚಿಯ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಹಿಂದಿನ ತಿಂಗಳು ಹೀಗೇ ಕುರ್ಚಿ ಬಿಟ್ಟುಬಂದವಳ ಕೆಲಸ ಹೋಗಿತ್ತು.

“ಸ್ಟ್ರೆಚರ್ ಆದ್ರೂ ಕೊಡಿ,” ಎಂದಳು ಮಗಳು.

“ಅದಕ್ಕೆ ಚೀಟಿ ಬೇಕಮ್ಮ. ಚೀಟಿ ಕೊಡೋರು ರಜೆ,” ಎಂದ ಎಕ್ಸ್‌ರೇಯವನು.

“ನಾನಿಲ್ಲೇ ನಿಂತಿರ್ತೀನಿ ಸಾರ್. ಅಪ್ಪನ್ನ ಇಳಿಸ್ಕೊಂಡು ಚೇರು ವಾಪಸ್ ಕೊಡಿ, ಬೇಕಾದ್ರೆ ಅದರ ಬದಲು ನನ್ನನ್ನ ಇಟ್ಕೊಳ್ಳಿ.”

“ನಿಮ್ಮನ್ನಿಟ್ಕೊಂಡು ಏನ್ ಮಾಡ್ಲಮ್ಮ, ನಿಮಗೆ ಗಾಲಿ ಇದೆಯಾ?” ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಯೋಚಿಸಿಯೇ ಕೇಳಿದ್ದ.

ಮಗಳು ಕೈಮುಗಿದಳು. ಬಡಗಿಗೆ ಅದನ್ನು ನೋಡಲಾಗಲಿಲ್ಲ.

“ಕೈ ಇಳಿಸು ಮಗಾ. ಹನ್ನೆರಡಲ್ಲ, ಹತ್ತೇ ಹೆಜ್ಜೆ. ನನ್ನ ಕಣ್ಣಳತೆ ತಪ್ಪಲ್ಲ.”

“ಬೇಡಪ್ಪ, ಡಾಕ್ಟ್ರು—”

ಅವಳು ಹಿಡಿಯುವಷ್ಟರಲ್ಲಿ ಅವನು ಎದ್ದು ಗೆರೆ ದಾಟಿದ್ದ. ಏಳನೆಯ ಹೆಜ್ಜೆಗೆ ಒಣಹಲಗೆ ಬಿರಿದಂತೆ ಸದ್ದಾಯಿತು. ಆ ಸದ್ದು ಎಂಥದ್ದೆಂದು ಅಲ್ಲಿದ್ದವರಲ್ಲಿ ಮೊದಲು ಗೊತ್ತಾದದ್ದು ಅವನಿಗೇ.

ಎರಡೂ ಕಡೆಯವರ ಜಂಟಿ ಸಮಿತಿ ನಾಲ್ಕು ಸಲ ಸೇರಿತು. ಯಾವ ಕುರ್ಚಿಯೂ ಗೆರೆ ದಾಟಿಲ್ಲವೆಂದು ಒಮ್ಮತದಿಂದ ವರದಿ ಕೊಟ್ಟಿತು. ಮೂರು ವರ್ಷಗಳಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದ ಮೊದಲ ಕಾಗದ ಅದು. ಮಾಸಿದ್ದ ಗೆರೆಗೆ ಹೊಸದಾಗಿ ಬಣ್ಣ ಬಳಿಸಲಾಯಿತು.

ಬಡಗಿ ಮತ್ತೆ ನಡೆಯಲಿಲ್ಲ.