ಹೆಂಗಸರ ಕೋಟಾ

ಮಧ್ಯಾಹ್ನದ ಹೊತ್ತಿಗೆ ಕೌಸಲ್ಯಳ ಗಂಟಲು ಕಟ್ಟಿತ್ತು. ತುಮಕೂರಿನ ಅಶೋಕ ರಸ್ತೆಯ ಮಹಡಿಯೊಂದರಲ್ಲಿದ್ದ ಸಮೀಕ್ಷಾ ಕಚೇರಿಯಲ್ಲಿ ಬೆಳಗಿನಿಂದ ಟ್ರಂಕ್ ಕಾಲ್ ಬುಕ್ ಮಾಡುವುದು, ಕಾಯುವುದು, ಲೈನ್ ಸಿಕ್ಕಾಗ ಅದದೇ ಪ್ರಶ್ನೆ ಕೇಳುವುದು ಅವಳ ಕೆಲಸ. ಅದು ೧೯೮೮. ಒಂದು ಟ್ರಸ್ಟಿನವರು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ತಮ್ಮ ಆಸ್ಪತ್ರೆಗಳಿಗೆ ಎಕ್ಸ್‌ರೇ ಯಂತ್ರ ತರಬೇಕೋ, ಲೇಡಿ ಡಾಕ್ಟರನ್ನು ನೇಮಿಸಬೇಕೋ ಎಂದು ಈ ಕಚೇರಿಯ ಮೂಲಕ ಜನರನ್ನು ಕೇಳುತ್ತಿದ್ದರು. ಪ್ರತಿ ತಾಲ್ಲೂಕಿನಲ್ಲೂ ಉತ್ತರ ಕೊಟ್ಟವರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂಬುದು ಕರಾರು.

ಗಂಡಸರ ಕೋಟಾ ಎಂದೋ ತುಂಬಿತ್ತು. ಫೋನಿದ್ದ ಮನೆಗಳಲ್ಲಿ ಅದನ್ನು ಎತ್ತುತ್ತಿದ್ದವರು ಗಂಡಸರೇ.

"ಸಾರ್, ಹೆಂಗಸರು ಸಿಕ್ತಾನೇ ಇಲ್ಲ," ಎಂದಳು ಕೌಸಲ್ಯ.

ಮೇಲ್ವಿಚಾರಕ ಸದಾಶಿವಯ್ಯ ಕೆಟ್ಟವರಲ್ಲ, ದಣಿದಿದ್ದರು. "ಗುಬ್ಬೀದು ಹ್ಯಾಗ್ ಮುಗಿಸಿದ್ವಿ? ಯಜಮಾನರು ಹೇಳಿದ್ದನ್ನೇ ಹೆಂಗಸ್ರು ಹೇಳಿದ್ದು ಅಂತ ಹಾಕಿದ್ವಿ. ಸಂಖ್ಯೆ ಕಡಿಮೆ ಬಿದ್ರೆ ಬೆಂಗಳೂರಿನ ಕಂಪ್ಯೂಟರು ಆ ತಾಲ್ಲೂಕನ್ನೇ ಬಿಟ್ಟುಬಿಡುತ್ತೆ. ಆಮೇಲೆ ಕುಣಿಗಲ್ಲಿನೋರ ಮಾತು ಯಾರಿಗೂ ಮುಟ್ಟಲ್ಲ. ಅದು ವಾಸಿನಾ?"

ಆಗಲೇ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಾಲ್ ಬಂತು. ಫೋನ್ ಎತ್ತಿದವರು ಕೊಬ್ಬರಿ ವ್ಯಾಪಾರಿ ವೆಂಕಟರಂಗಯ್ಯ.

"ಎಕ್ಸ್‌ರೇನೇ ತರ್ಲಿ. ಬಿದ್ದು ಮೂಳೆ ಮುರ್ಕೊಂಡ್ರೆ ತುಮಕೂರಿಗೇ ಓಡ್ಬೇಕು ನಾವು," ಎಂದರು.

"ಮನೆಯೋರನ್ನ ಒಂದ್ಸಲ ಕರೀತೀರಾ?"

"ಅವ್ಳಿಗೇನ್ ಗೊತ್ತಾಗುತ್ತಮ್ಮ? ಅವ್ಳ ಪರವಾಗಿ ನಾನೇ ಹೇಳ್ತೀನಲ್ಲ, ಬರ್ಕೋ."

ಕೌಸಲ್ಯ ಪೆನ್ನು ಕೆಳಗಿಟ್ಟಳು. "ಅವರ ಬಾಯಲ್ಲೇ ಕೇಳಬೇಕು. ಅವರು ಬರಲ್ಲ ಅಂದ್ರೆ ಈ ಮನೆ ಬಿಟ್ಟುಬಿಡ್ತೀನಿ, ಅಷ್ಟೇ."

ಸದಾಶಿವಯ್ಯ ತಲೆಯೆತ್ತಿ ನೋಡಿದರು. ಫೋನಿನ ಆ ಕಡೆ ಗೊಣಗಾಟ, ಬಳೆಗಳ ಸದ್ದು. ಆಮೇಲೆ ಒಂದು ಅಳುಕಿನ ದನಿ: "ನಾನು ಪುಟ್ಟತಾಯಮ್ಮ."

ಕೌಸಲ್ಯ ಪ್ರಶ್ನೆಯನ್ನು ನಿಧಾನವಾಗಿ ಓದಿದಳು.

"ಹೆಂಗಸ್ ಡಾಕ್ಟ್ರು ಬರ್ತಾರೇನವ್ವ, ದಿಟವಾಗ್ಲೂ?"

"ಜನ ಕೇಳಿದ್ರೆ ಬರ್ತಾರೆ."

"ಬಂದ್ರೆ ನಾನು ತೋರಿಸ್ಕೋತೀನಿ. ಯುಗಾದಿಯಿಂದ ಎದೇಲಿ ಒಂದು ಗಂಟು ಐತೆ. ಗಂಡಸ್ ಡಾಕ್ಟ್ರ ಮುಂದೆ ಸೆರಗು ತೆಗಿಯಾಕೆ ನನ್ ಕೈಲಿ ಆಗ್ನಿಲ್ಲ. ಯಾರ್ಗೂ ಹೇಳಿಲ್ಲ."

"ಯಜಮಾನರಿಗೆ?"

"ಇಲ್ಲೇ ನಿಂತವ್ರೆ. ಈಗ ಕೇಳಿಸ್ಕೊಂಡ್ರು."

ಅಷ್ಟರಲ್ಲಿ ರಿಸೀವರ್ ಕೈ ಬದಲಾಯಿತು. ವೆಂಕಟರಂಗಯ್ಯನವರ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ಕುಣಿಗಲ್ಲಿಗೆ ಆ ಡಾಕ್ಟ್ರು ಬರೋಗಂಟ ಕಾಯಕ್ಕಾಗಲ್ಲಮ್ಮ. ತುಮಕೂರಲ್ಲಿ ಹೆಂಗಸ್ ಡಾಕ್ಟ್ರು ಎಲ್ಲವ್ರೆ? ನಮಗೆ ಯಾರೂ ಗೊತ್ತಿಲ್ಲ."

"ನನಗೊಬ್ಬರು ಗೊತ್ತು. ನಾಳೆ ಬೆಳಗ್ಗೆ ಬನ್ನಿ, ಬಸ್‌ಸ್ಟ್ಯಾಂಡಿಗೆ ನಾನೇ ಬರ್ತೀನಿ. ನೀಲಿ ಸೀರೆ ಉಟ್ಟಿರ್ತೀನಿ."

ಕೌಸಲ್ಯ ಫೋನಿಟ್ಟು ಮೇಲ್ವಿಚಾರಕರಿಗೆ ನಡೆದದ್ದನ್ನು ಹೇಳಿದಳು. ನಾಳೆ ಬೆಳಿಗ್ಗೆ ರಜೆ ಬೇಕು ಎಂದೂ ಹೇಳಿದಳು. ಸದಾಶಿವಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗುಬ್ಬೀಲೂ ಇಂಥೋರು ಇದ್ದಿರಬಹುದು, ಅಲ್ವಾ?" ಎಂದರು ಮೆಲ್ಲಗೆ. ಫೋನನ್ನು ತಮ್ಮ ಕಡೆಗೆ ಎಳೆದುಕೊಂಡು ಎಕ್ಸ್‌ಚೇಂಜಿಗೆ ಗುಬ್ಬಿಯ ನಂಬರುಗಳನ್ನು ಮತ್ತೆ ಒಂದೊಂದಾಗಿ ಹೇಳತೊಡಗಿದರು. "ನಾಳೆ ಹೋಗಿ ಬಾಮ್ಮ. ಕೋಟಾ ತುಂಬದಿದ್ರೆ ತುಂಬಿಲ್ಲ ಅಂತಲೇ ಬೆಂಗಳೂರಿಗೆ ಬರೀತೀನಿ."

ಮರುದಿನ ಕುಣಿಗಲ್ ಕಡೆಯ ಬಸ್ಸಿನಿಂದ ಇಳಿದವರಲ್ಲಿ ಅವರಿಬ್ಬರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ವೆಂಕಟರಂಗಯ್ಯ ಹೆಂಡತಿಯ ಚೀಲವನ್ನು ತಾವೇ ಹಿಡಿದುಕೊಂಡು, ಎಂದಿನಂತೆ ಮುಂದೆ ನಡೆಯದೆ ಅವಳ ಪಕ್ಕದಲ್ಲೇ ಬಂದರು. ಕೌಸಲ್ಯ ಅವರನ್ನು ತನಗೆ ಗೊತ್ತಿದ್ದ ಲೇಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

ಡಾಕ್ಟರ ಕೋಣೆಯಲ್ಲಿ ಪುಟ್ಟತಾಯಮ್ಮ ತಲೆ ತಗ್ಗಿಸಿ ಕುಳಿತರು. ಡಾಕ್ಟರು ವೆಂಕಟರಂಗಯ್ಯನವರ ಕಡೆ ತಿರುಗಿ ಕೇಳಿದರು: "ಏನ್ ತೊಂದರೆ ಇವರಿಗೆ?"

ಅವರು ಹೇಳಲು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು.

"ಅವ್ಳೇ ಹೇಳ್ತಾಳೆ ಡಾಕ್ಟ್ರೇ," ಎಂದು ಹೊರಗೆ ಬಂದು, ಬಾಗಿಲನ್ನು ಮೆಲ್ಲನೆ ಎಳೆದುಕೊಂಡರು.