ಎಂಬತ್ತು ಕಿಲೋದೊಳಗೆ

ತಮ್ಮನಿಗೆ ಕಿಡ್ನಿ ಕೊಡು ಎಂದು ಅಕ್ಕನನ್ನು ಯಾರೂ ಕೇಳಿರಲಿಲ್ಲ. ತಾನೇ ಹೋಗಿ ರಕ್ತ ಕೊಟ್ಟು ಬಂದಳು. ಎಲ್ಲ ಪರೀಕ್ಷೆಗಳೂ ಹೊಂದಿದವು. ಅಡ್ಡ ಬಂದದ್ದು ತೂಕ.

"ತೊಂಬತ್ಮೂರು ಇದ್ದೀರಿ. ಎಂಬತ್ತರ ಒಳಗೆ ಬನ್ನಿ, ಆಮೇಲೆ ಮಾತಾಡೋಣ" ಎಂದು ಡಾಕ್ಟರು ಫೈಲು ಮುಚ್ಚಿದರು.

ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬಿಸಿ ರೋಲರಿನಿಂದ ಹಾಸಿಗೆಯ ಬಟ್ಟೆಗಳು ಬರುತ್ತಲೇ ಇರುತ್ತವೆ, ಇಬ್ಬರು ಎರಡು ತುದಿ ಹಿಡಿದು ಮಡಚುತ್ತಲೇ ಇರಬೇಕು. ತಮ್ಮನದು ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಕೈ ನಡುಗತೊಡಗಿದ ಮೇಲೆ ಬ್ರಷ್ಷುಗಳು ಮೂಲೆ ಸೇರಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಇವರಿಬ್ಬರೇ.

ಆಸ್ಪತ್ರೆಯಲ್ಲಿ ಊಟದ ಪಟ್ಟಿ ಬರೆದುಕೊಡುವ ಡಯಟ್ ಮೇಡಂ ಮೊದಲು ಒಂದು ಅಚ್ಚು ಹಾಕಿದ ಹಾಳೆ ಕೊಟ್ಟರು. ಎಂಟಕ್ಕೆ ತಿಂಡಿ, ಒಂದಕ್ಕೆ ಊಟ. ಎಂಟಕ್ಕೆ ಅಕ್ಕನ ಕೈಯಲ್ಲಿ ಬಟ್ಟೆಯ ತುದಿ ಇರುತ್ತಿತ್ತು, ಒಂದಕ್ಕೂ ಅದೇ. ಎರಡು ಗಂಟೆಯ ಹೊತ್ತಿಗೆ ಹಸಿವಿನಿಂದ ಕಣ್ಣು ಕತ್ತಲಿಟ್ಟು, ಬಸ್‌ಸ್ಟಾಪಿನ ಪಕ್ಕದ ಬೇಕರಿಯಲ್ಲಿ ಸಿಕ್ಕಿದ್ದನ್ನು ನಿಂತಲ್ಲೇ ತಿನ್ನುತ್ತಿದ್ದಳು. ಒಂದು ತಿಂಗಳಲ್ಲಿ ತೂಕ ಅರ್ಧ ಕಿಲೋ ಏರಿತು.

"ನನ್ನ ಕೈಲಾಗಲ್ಲ ಮೇಡಂ. ನನ್ನ ನಾಲಿಗೆಗೆ ಕಡಿವಾಣ ಇಲ್ಲ" ಎಂದು ತಲೆ ತಗ್ಗಿಸಿದಳು.

"ನಿಮ್ಮ ನಾಲಿಗೆ ಇರಲಿ, ಆ ಹಾಳೆ ಬಿಸಾಕಿ. ನಿಮ್ಮಂಥೋರಿಗೆ ಅಲ್ಲ ಅದು. ಒಂದು ವಾರ ಎಲ್ಲಿ, ಯಾವಾಗ, ಏನು ತಿಂದ್ರಿ ಅಂತ ಬರೆದು ತನ್ನಿ. ಸುಳ್ಳು ಬರೀಬೇಡಿ."

ಅಕ್ಕ ಬರೆದಳು. ಮೇಡಂ ಓದುತ್ತಾ ಒಂದು ಕಡೆ ಬೆರಳಿಟ್ಟರು. "ಇದೇನು, ದಿನಾ ಎರಡು ಸಲ 'ತಮ್ಮನ ತಟ್ಟೆ' ಅಂತ ಇದೆ?"

"ಅವನಿಗೆ ಉಪ್ಪಿಲ್ಲದ ಊಟ ಸೇರಲ್ಲ. ಅರ್ಧ ಬಿಡ್ತಾನೆ. ಚೆಲ್ಲೋಕೆ ಮನಸ್ಸು ಬರಲ್ಲ."

ಮೇಡಂ ಅವಳ ದಿನಕ್ಕೆ ತಕ್ಕ ಹಾಗೆ ಬೇರೆ ಪಟ್ಟಿ ಬರೆದರು. ಐದೂವರೆಗೆ ಹೊಟ್ಟೆ ತುಂಬ ತಿಂದೇ ಹೊರಡಬೇಕು. ಹತ್ತಕ್ಕೆ ಯಂತ್ರ ತಣಿಸುವ ಹದಿನೈದು ನಿಮಿಷದಲ್ಲಿ ಎರಡು ಬೇಯಿಸಿದ ಮೊಟ್ಟೆ. ಬೇಕರಿ ಇಲ್ಲದ ಸ್ಟಾಪಿನವರೆಗೆ ನಡೆದು ಬಸ್ಸು ಹತ್ತಬೇಕು. ತಮ್ಮನಿಗೆ ಕಡಿಮೆ ಬಡಿಸಬೇಕು, ಅವನು ಬಿಟ್ಟದ್ದನ್ನು ಅವನೇ ಚೆಲ್ಲಬೇಕು.

ತಮ್ಮನು ಗೋಡೆ ಹಿಡಿದುಕೊಂಡು ತಟ್ಟೆ ಚೆಲ್ಲಲು ಹೋಗುವುದನ್ನು ನೋಡಲಾಗದೆ ಅಕ್ಕ ಮುಖ ತಿರುಗಿಸುತ್ತಿದ್ದಳು. ಆದರೆ ತೂಕ ಇಳಿಯತೊಡಗಿತು. ತೊಂಬತ್ತು, ಎಂಬತ್ತೆಂಟು.

"ನೀನು ಸಣ್ಣಗಾದ್ರೆ ಕಿಡ್ನಿನೂ ಸಣ್ಣಗಾಗತ್ತೇನೇ? ನನಗೆ ಫುಲ್ ಸೈಜೇ ಬೇಕಪ್ಪ" ಎಂದು ತಮ್ಮ ಕಾಡುತ್ತಿದ್ದ.

"ಬಾಯಿ ಮುಚ್ಕೊಂಡು ತಿನ್ನು."

ಐದನೆಯ ತಿಂಗಳು ಮುಗಿಯುವಾಗ ತಕ್ಕಡಿಯ ಮುಳ್ಳು ಎಪ್ಪತ್ತೊಂಬತ್ತೂವರೆಗೆ ನಿಂತಿತು. ಅಕ್ಕ ಕೆಲಸದ ಬಟ್ಟೆಯಲ್ಲೇ ಡಾಕ್ಟರ ಬಳಿ ಓಡಿದಳು. ಅವರು ಅವಳನ್ನೂ ಫೈಲನ್ನೂ ಎರಡೆರಡು ಸಲ ನೋಡಿದರು.

"ನಿಮ್ಮ ತಮ್ಮ ಹೇಳಲಿಲ್ವಾ? ಅವರ ಹಾರ್ಟು ತುಂಬ ವೀಕ್ ಆಗಿದೆ. ಆಪರೇಷನ್ ತಡೆಯಲ್ಲ ಅಂತ ಏಳು ವಾರದ ಹಿಂದೆಯೇ ಹೇಳಿದ್ದೆ. ಮನೇಲಿ ನಾನೇ ಹೇಳ್ತೀನಿ ಅಂದಿದ್ರು."

ಅಕ್ಕ ಮನೆಗೆ ಬಂದಾಗ ತಮ್ಮನು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಅವತ್ತು ಹೇಳ್ಬೇಕು ಅಂತಲೇ ಬಂದೆ ಕಣೇ. ನೀನು ಬಾಗಿಲಲ್ಲೇ ನಿಂತು, ಎಂಬತ್ತಾರಕ್ಕೆ ಇಳಿದೆ ಅಂತ ಕುಣಿದುಬಿಟ್ಟೆ. ಬಾಯಿ ಕಟ್ಟಿಹೋಯ್ತು."

"ಮಾರನೇ ದಿನ ಹೇಳಬಹುದಿತ್ತು."

"ಮಾರನೇ ವಾರ ಎಂಬತ್ತೈದಕ್ಕೆ ಬಂದೆ."

"ಏಳು ವಾರ ನನ್ನ ಕೋತಿ ಕುಣಿಸಿದ ಹಾಗೆ ಕುಣಿಸಿದೆ" ಎಂದಳು. ಎರಡು ದಿನ ಅವಳು ಮಾತಾಡಲಿಲ್ಲ. ಮೂರನೆಯ ದಿನ ಅವನ ಕಾಲು ಬಾತುಕೊಂಡದ್ದು ಕಂಡು, ಬಿಸಿನೀರಿಟ್ಟು, ಬೈಯುತ್ತಲೇ ಕಾಲು ಒರೆಸಿದಳು. ಆಮೇಲೆ ಸಿಟ್ಟು ಮಾಡಿಕೊಳ್ಳಲು ಹೆಚ್ಚು ದಿನ ಉಳಿದಿರಲಿಲ್ಲ. ಅದಾಗಿ ಐದನೆಯ ವಾರ ಒಂದು ಬೆಳಗ್ಗೆ, ಅವಳು ರೋಲರಿನ ಮುಂದಿದ್ದಾಗ, ಅವನು ಡಯಾಲಿಸಿಸ್ ಕುರ್ಚಿಯಲ್ಲೇ ಹೋದ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ನೆಂಟರು. ಎಷ್ಟೋ ವರ್ಷದ ಮೇಲೆ ಬಂದ ಚಿಕ್ಕಮ್ಮ ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಅಕ್ಕನ ತೋಳು ಹಿಡಿದು ನೋಡಿದಳು.

"ಎಷ್ಟು ಇಳಿದುಬಿಟ್ಟಿದ್ದೀಯೇ! ಏನು ಮಾಡಿದೆ? ನನಗೆ ಮಂಡಿ ನೋವು, ಇಳಿಸು ಇಳಿಸು ಅಂತಾರೆ, ಆಗ್ತಾನೇ ಇಲ್ಲ."

ಪಕ್ಕದಲ್ಲಿದ್ದವರು ಚಿಕ್ಕಮ್ಮನನ್ನು ಗದರಿಸಿದರು. ಅಕ್ಕನಿಗೆ ಮಾತ್ರ ಕೋಪ ಬರಲಿಲ್ಲ. ಬೆಳಗ್ಗೆಯಿಂದ ಯಾರೇ ಮಾತಾಡಿಸಿದರೂ ಅಳು ಬರುತ್ತಿತ್ತು. ಇದೊಂದನ್ನು ಮಾತ್ರ ಅಳದೆ ಹೇಳಬಹುದು ಅನ್ನಿಸಿತು.

"ಮೊದಲು ನೀವು ಯಾವ ಹೊತ್ತಿಗೆ ಏಳ್ತೀರಿ, ಏನು ಕೆಲಸ ಮಾಡ್ತೀರಿ ನೋಡ್ಕೋಬೇಕು ಚಿಕ್ಕಮ್ಮ. ಬೇರೆಯವರ ಪಟ್ಟಿ ನಮಗೆ ಹೊಂದಲ್ಲ" ಎಂದು ಶುರುಮಾಡಿದಳು. ಬೆಳಗ್ಗೆಯದು ಹೇಳಿದಳು, ಹತ್ತು ಗಂಟೆಯದು, ಮಧ್ಯಾಹ್ನದ್ದು ಹೇಳಿದಳು. ಚಿಕ್ಕಮ್ಮ ಒಂದೊಂದಕ್ಕೂ ತಲೆಯಾಡಿಸಿದಳು.

"ಮತ್ತೆ ಸಾಯಂಕಾಲ?"

"ಸಾಯಂಕಾಲ ಏಳಕ್ಕೆ, ನಾವಿಬ್ಬರೂ..." ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಚಿಕ್ಕಮ್ಮ ಅವಳನ್ನು ಎದೆಗೆ ಎಳೆದುಕೊಂಡಳು.