ಭದ್ರಾವತಿಯವರ ಕಿಡ್ನಿ

ಆ ಮಲ್ಲಿಕ್‌ನ ಮುಖ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಶಿವಮೊಗ್ಗದ ನರ್ಸಿಂಗ್ ಹೋಮ್ ಒಂದರಲ್ಲಿ ಡಯಾಲಿಸಿಸ್ ಮಷೀನು ನೋಡಿಕೊಳ್ಳುತ್ತಿದ್ದವನು ಅವನು. ನಮ್ಮ ಮನೆಯವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಎರಡು ಸಾವಿರದ ಒಂದನೇ ಇಸವಿಯಿಂದ ವಾರಕ್ಕೆ ಎರಡು ಸಲ ಭದ್ರಾವತಿಯಲ್ಲಿ ಬಸ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು.

ರಕ್ತ ಸೋಸುವ ಕೊಳವೆಗೆ ಅಲ್ಲಿ ಎಲ್ಲರೂ ಕಿಡ್ನಿ ಅಂತಲೇ ಹೇಳುವುದು. ಒಬ್ಬೊಬ್ಬರಿಗೆ ಒಂದೊಂದು. ಒಂದೇ ಸಲಕ್ಕೆ ಎಸೆಯುವುದಿಲ್ಲ, ತೊಳೆದಿಟ್ಟು ಅದೇ ರೋಗಿಗೆ ಐದಾರು ಸಲ ಹಾಕುತ್ತಾರೆ. ಗುರುತಿಗೆ ಒಂದು ಪ್ಲಾಸ್ಟರ್ ಅಂಟಿಸಿ ಹೆಸರು ಬರೆಯಬೇಕು. ಮೊದಲ ದಿನ ಮಲ್ಲಿಕ್ ಪೆನ್ನು ಹಿಡಿದು, "ಹೆಸ್ರೇನಮ್ಮಾ?" ಅಂದ. ಗಂಡನ ಹೆಸರು ಹೇಗೆ ಹೇಳಲಿ? ಮದುವೆಯಾಗಿ ಇಪ್ಪತ್ತಾರು ವರ್ಷ, ಒಂದು ದಿನವೂ ಅದು ನನ್ನ ಬಾಯಲ್ಲಿ ಬಂದಿಲ್ಲ. "ಭದ್ರಾವತಿಯವರದು ಅಂತ ಬರ್ಕೊಳಪ್ಪ" ಅಂದೆ. ಆ ಪುಣ್ಯಾತ್ಮ ನಕ್ಕು ಹಾಗೇ ಬರೆದುಕೊಂಡ.

ಆಮೇಲೆ ಜಯಪ್ಪ ಅನ್ನುವವರೂ ಭದ್ರಾವತಿಯಿಂದಲೇ ಬರತೊಡಗಿದರು. ಅವರ ಕೊಳವೆಯ ಮೇಲೂ ಅವನು ಊರಿನ ಹೆಸರನ್ನೇ ಗೀಚಿದ್ದನೆಂದು ನನಗೇನು ಕನಸು ಬಿದ್ದಿತ್ತೇ?

ಮಾರ್ಚ್ ತಿಂಗಳ ಒಂದು ಗುರುವಾರ ಮ್ಯಾನೇಜರು ಬಾಗಿಲಲ್ಲೇ ತಡೆದ. ಇವರ ಮುಖ ಊದಿತ್ತು, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಅವತ್ತು ಮಷೀನು ಸಿಗದಿದ್ದರೆ ಭಾನುವಾರ ಕಾಣುವುದು ಕಷ್ಟವಿತ್ತು.

"ನಿಮ್ಮೋರಿಗೆ ಹೆಪಟೈಟಿಸ್ ಸಿ ಬಂದಿದೆ. ಲಿವರ್ ತಿನ್ನೋ ಕಾಯಿಲೆ, ರಕ್ತದಿಂದ ಬೇರೆಯೋರಿಗೂ ಹತ್ತುತ್ತೆ. ಇನ್ನು ಇಲ್ಲಿ ಆಗಲ್ಲ, ಬೆಂಗ್ಳೂರಿಗೆ ಕರ್ಕೊಂಡ್ಹೋಗಿ."

"ಎಲ್ಲಿಂದ ಬಂತು ಸ್ವಾಮಿ? ಇವರ ರಕ್ತ ಹೊರಗೆ ಬರೋದು ಈ ಆಸ್ಪತ್ರೇಲಿ ಮಾತ್ರ!"

"ಯಾವ್ದೋ ಕಟಿಂಗ್ ಶಾಪಲ್ಲಿ ಬಂದಿರ್ಬೇಕು."

"ಜಯಪ್ಪನೋರಿಗೆ ಮೊದ್ಲೇ ಇತ್ತು ಸಾರ್..." ಮಲ್ಲಿಕ್ ಬಾಯಿ ತಪ್ಪಿ ಅಂದುಬಿಟ್ಟ. ಅಂದವನು ನನ್ನ ಕಡೆ ತಿರುಗಿದ. "ನಾನೇನ್ ಮಾಡ್ಲಮ್ಮಾ? ಹೆಸ್ರು ಕೇಳಿದ್ರೆ ನೀವು ಊರು ಹೇಳಿದ್ರಿ. ಎರಡು ಭದ್ರಾವತಿ ಒಂದೇ ಕಡೆ ಇದ್ವು, ಅದಲುಬದಲಾಗೋಯ್ತು."

"ಥೂ ನಿನ್ನ! ಫೈಲಲ್ಲಿ ಹೆಸ್ರಿರ್ಲಿಲ್ವಾ? ನಿನ್ನ ಕಣ್ಣೇನು ಮೇಯೋಕೆ ಹೋಗಿತ್ತಾ?" ನನ್ನ ಕೂಗಿಗೆ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಎದ್ದು ನಿಂತರು. ನನ್ನ ಪರ ಒಂದು ಮಾತಾಡುತ್ತಾರೆ ಅಂದುಕೊಂಡೆ. ಕುಂಸಿಯ ಮಹಾಂತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಮೊದ್ಲು ಅವರನ್ನ ಆಚೆ ಕರ್ಕೊಂಡ್ಹೋಗು ಮಾರಾಯ್ತಿ, ನಮಗೂ ಅಂಟಿಸ್ಬೇಡ" ಅಂದಳು. ಮೂರು ತಿಂಗಳು ನನ್ನ ಡಬ್ಬಿಯ ರೊಟ್ಟಿ ತಿಂದವಳು!

ಮ್ಯಾನೇಜರು ಒಳಗೆ ಕರೆದು ಒಂದು ಹಾಳೆ ಮುಂದಿಟ್ಟ. ರೋಗಿಯ ಹೆಂಡತಿಯಾದ ನಾನು ತಪ್ಪು ಗುರುತು ಹೇಳಿದ್ದರಿಂದ ಹೀಗಾಯಿತು, ಆಸ್ಪತ್ರೆಯದ್ದೇನೂ ತಪ್ಪಿಲ್ಲ ಎಂದು ಬರೆದಿತ್ತು. "ಸಹಿ ಹಾಕಿ. ಜಯಪ್ಪನೋರಿಗೇ ಅಂತ ಬೇರೆ ಇಟ್ಟಿರೋ ಹಳೇ ಮಷೀನಲ್ಲಿ ಅವರಾದ್ಮೇಲೆ ಇವ್ರಿಗೂ ಮಾಡ್ತೀವಿ."

ಕಳ್ಳ ನನ್ನ ಮಗ. ಹಾಳೆ ಹರಿದು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಹೊರಗೆ ಇವರು ಗೋಡೆ ಹಿಡಿದು ಏದುಸಿರು ಬಿಡುವುದು ಕೇಳುತ್ತಿತ್ತು. ಬಸವರಾಜೇಶ್ವರಿ ಎಂದು ಉದ್ದಕ್ಕೆ ಸಹಿ ಹಾಕಿದೆ.

ಮಲ್ಲಿಕ್ ಸೂಜಿ ಚುಚ್ಚಿ, ಮಷೀನು ಚಾಲೂ ಮಾಡಿ ಹೋದ ಮೇಲೆ ಇವರು ಕೇಳಿದರು. "ಬರ್ದು ಕೊಟ್ಯಾ?"

"ಕೊಟ್ಟೆ."

"ನೀನೇ ಒಪ್ಕೊಂಡ್ಮೇಲೆ ಇನ್ನು ಯಾರನ್ನ ಕೇಳ್ಲಿ? ಒಂದ್ ಸಲ ನನ್ನ ಹೆಸ್ರು ಹೇಳಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು?"

ಗೋಡೆಯ ಕಡೆ ತಿರುಗಿ ಮಲಗಿದರು. ನಾಲ್ಕು ಗಂಟೆ ಹೊತ್ತು ಮಷೀನು ಓಡಬೇಕು. ಸೂಜಿ ಅಲುಗದಂತೆ ನಾನು ಅವರ ಕೈ ಹಿಡಿದು ಕೂತಿದ್ದೆ. ನನಗೂ ಸಿಟ್ಟು ನೆತ್ತಿಗೇರಿತ್ತು. ಮೂರನೇ ಗಂಟೆಯ ಹೊತ್ತಿಗೆ ಅವರ ಉಸಿರು ನೆಟ್ಟಗಾಯಿತು. ನನ್ನನ್ನು ಬೈಯುವುದಕ್ಕಾದರೂ ಬದುಕಿರಲಿ ಎಂದುಕೊಂಡೆ.